ಹಡಗಿನಲ್ಲಿ ಬರುವ ಗ್ಯಾಸ್ ಹಸಿರು ಇಂಧನ ಹೇಗಾಗುತ್ತದೆ?

ಯಲಹಂಕದವ:
ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ (ನೈಸರ್ಗಿಕ ಅನಿಲ) ಹಾಕಿಸಬೇಕಾ ಬೇಡವಾ ಅಂತ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಜಗಳ. ಒಬ್ಬರಂತೂ ಇದು ಹಸಿರು ಇಂಧನ ಅಂತ ಪಟ್ಟು ಹಿಡಿದಿದ್ದಾರೆ. ದೇಶದಲ್ಲಿ ಬಳಸುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹೊರದೇಶದಿಂದ ಹಡಗಿನಲ್ಲೇ ಬರುತ್ತದೆ. ಅದರ ಮೇಲೆ 2030ಕ್ಕೆ ಒಟ್ಟು ಇಂಧನದಲ್ಲಿ ಗ್ಯಾಸಿನ ಪಾಲು ಶೇ 15 ಆಗಬೇಕು ಅಂತ ಸರ್ಕಾರದ ಗುರಿ. ಅಷ್ಟು ದುಡ್ಡನ್ನು ಸೋಲಾರ್‌ಗೇ ಹಾಕಬಾರದಾ?

ಪಣಂಬೂರು ಭಟ್ಟ:
ಹಸಿರು ಅಲ್ಲ, ಕಲ್ಲಿದ್ದಲಿಗಿಂತ ವಾಸಿ ಅಷ್ಟೇ. ಕರೆಂಟಿಗೆ ಉರಿಸಿದರೆ ಕಾರ್ಬನ್ ಡೈಆಕ್ಸೈಡ್ ಸುಮಾರು ಅರ್ಧ, ಬೂದಿಯೂ ಇಲ್ಲ. ಆದರೆ ಬರೀ ಕರೆಂಟ್ ನೋಡಬೇಡಿ. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಪೈಪ್‌ಲೈನ್ ಉದ್ಘಾಟನೆ ಆಯಿತಲ್ಲ, 450 ಕಿ.ಮೀ., ಅದು ಬಂದಮೇಲೆ ಇಲ್ಲಿ ಮಂಗಳೂರಿನ ಗೊಬ್ಬರದ ಕಾರ್ಖಾನೆ ನಾಫ್ತಾ (ಕಚ್ಚಾ ತೈಲದಿಂದ ತೆಗೆಯುವ ದ್ರವ) ಬಿಟ್ಟು ಗ್ಯಾಸಿನಿಂದ ಯೂರಿಯಾ ಮಾಡುತ್ತಿದೆ. ಯೂರಿಯಾಕ್ಕೆ ಬೇಕಾದ ಹೈಡ್ರೋಜನ್ ಬರುವುದೇ ಗ್ಯಾಸಿನಿಂದ. ಚಾವಣಿ ಮೇಲೆ ಸೋಲಾರ್ ಹಾಕಿದರೆ ಮುಗಿಯುವ ಕೆಲಸ ಅಲ್ಲ ಇದು.

ಲೆಕ್ಕದ ಮೇಷ್ಟ್ರು:
ಆ ಅರ್ಧ ಅನ್ನುವುದು ಬರೀ ಉರಿಸುವ ಜಾಗದ ಲೆಕ್ಕ ಸ್ವಾಮಿ. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ, ದ್ರವವಾಗಿಸಿ, ಹಡಗಿಗೆ ತುಂಬಿ, ಇಲ್ಲಿ ಮತ್ತೆ ಅನಿಲ ಮಾಡುವುದಕ್ಕೆ ಇಂಧನ ಬೇಡವಾ? ಈ ಗ್ಯಾಸಿನಲ್ಲಿ ಬಹುಪಾಲು ಇರುವುದು ಮೀಥೇನ್; ಬಾವಿಯಲ್ಲೋ ಪೈಪಿನಲ್ಲೋ ಅದು ಸೋರಿದರೆ ಅದು 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತದೆ. ಸೋರಿಕೆ ಜಾಸ್ತಿ ಇದ್ದರೆ ಕಲ್ಲಿದ್ದಲಿನ ಮೇಲಿನ ಲಾಭವೆಲ್ಲ ಹೋಯಿತು.

ಗ್ರಿಡ್ ಗಿರಾಕಿ:
ನನ್ನ ತಕರಾರು ಬೆಲೆಯದ್ದು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಯುರೋಪಿನವರು ಕೇಳಿದ ಬೆಲೆ ಕೊಟ್ಟು ಹಡಗುಗಳನ್ನು ಅತ್ತ ಎಳೆದುಕೊಂಡರು, ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ ಒಪ್ಪಂದದ ಗ್ಯಾಸೇ ಪೂರ್ತಿ ಬರಲಿಲ್ಲ. ದೇಶದಲ್ಲಿ 20,000 ಮೆಗಾವ್ಯಾಟ್‌ಗೂ ಹೆಚ್ಚಿನ ಗ್ಯಾಸ್ ವಿದ್ಯುತ್ ಸ್ಥಾವರಗಳಿವೆ, ಬಹುಪಾಲು ಸುಮ್ನೆ ನಿಂತಿರುತ್ತವೆ. ಸಂಜೆ ಸೂರ್ಯ ಇಳಿದಮೇಲೆ ಒಂದೆರಡು ಗಂಟೆ ಓಡಿಸುವುದಕ್ಕೆ ಅವು ಬೇಕು, ಒಪ್ಪುತ್ತೇನೆ. ಹೊಸದು ಕಟ್ಟುವುದು ಬೇಡ. ‘ಸೋಲಾರ್ ಬೆಳೆಯುವ ತನಕ, ಸ್ವಲ್ಪ ದಿನಕ್ಕೆ ಮಾತ್ರ ಗ್ಯಾಸ್’ ಅನ್ನುತ್ತಾ ಕತಾರ್ ಜೊತೆ 2048ರ ತನಕ ವರ್ಷಕ್ಕೆ 75 ಲಕ್ಷ ಟನ್ ಒಪ್ಪಂದ ಆಗಿದೆ!

ಯಲಹಂಕದವ:
ಸರಿ, ಅಡುಗೆಮನೆಗೆ ಏನು ಮಾಡಲಿ ಹೇಳಿ.

ಪಣಂಬೂರು ಭಟ್ಟ:
ಸಿಲಿಂಡರ್ ಗ್ಯಾಸ್ ಕೂಡ ಅರ್ಧಕ್ಕಿಂತ ಜಾಸ್ತಿ ಆಮದೇ, ಆ ಜಗಳದಲ್ಲಿ ಅರ್ಥ ಇಲ್ಲ. ಪೈಪಿನದರಲ್ಲಿ ಕಾರ್ಬನ್ ಸ್ವಲ್ಪ ಕಡಿಮೆ, ಬುಕಿಂಗ್ ತಲೆನೋವಿಲ್ಲ. ಹಾಕಿಸಿ. ಜೊತೆಗೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಳ್ಳಿ, ಹಾಲು ಕಾಯಿಸುವುದಕ್ಕೂ ಅನ್ನಕ್ಕೂ ಅದೇ ಸಾಕು.