ಹಿಂದಿನಿಂದ ಗುದ್ದಿಸಿಕೊಂಡ ಕಾರು: ಪೆಟ್ಟು ಮೇಲಿನದೋ, ಒಳಗಿನದೋ?

ಕೇಳಿದವರು: ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಬಂಪರ್ ಮೇಲೆ ಗೀರು ಬಿಟ್ಟರೆ ಏನೂ ಕಾಣುತ್ತಿಲ್ಲ. ಡಿಕ್ಕಿಯ ಬಾಗಿಲು ಮಾತ್ರ ಬಿಗಿಯಾಗಿದೆ. ಬಣ್ಣ ಬಳಿದರೆ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ನಂಬಬಹುದೇ? ಅನುಭವ ಇದ್ದವರು ತಿಳಿಸಿ.

ಕಂಡೆನ್ಸರ್ ಸಂತ್ರಸ್ತ: ನಂಬಬೇಡಿ. ನನ್ನದು ಮುಂದಿನಿಂದ ಬಿದ್ದ ಪೆಟ್ಟು. ಹೊರಗೆ ಡೊಂಕಾದದ್ದು ನಂಬರ್ ಪ್ಲೇಟ್ ಒಂದೇ. ಪ್ಲಾಸ್ಟಿಕ್ ಬಂಪರ್ ಒಳಕ್ಕೆ ಹೋಗಿ ಮತ್ತೆ ಉಬ್ಬಿ ನಿಲ್ಲುತ್ತದೆ, ಒಳಗಿನ ಕಬ್ಬಿಣ ಹಾಗಲ್ಲ. ಬಿಚ್ಚಿದಾಗ ಅಡ್ಡಪಟ್ಟಿ ಬಾಗಿ ಎಸಿ ಕಂಡೆನ್ಸರ್‌ಗೆ (ಎಸಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಜಾಲರಿ) ತಾಗಿತ್ತು. ಹೊಸ ಕಂಡೆನ್ಸರ್ ಬಂತು, ಗ್ಯಾಸ್ ತುಂಬಿಸಿದರು. ಆಮೇಲೆ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಬಿರುಕು. ಅದನ್ನು ತರಿಸುವಷ್ಟರಲ್ಲಿ ಫ್ಯಾನಿನ ಚೌಕಟ್ಟು, ಅದರ ಬೆನ್ನಿಗೇ ಹೆಡ್‌ಲೈಟಿನ ಮುರಿದ ಕಿವಿ. ಕಿವಿಯಷ್ಟೇ ಸಿಗುವುದಿಲ್ಲ, ಇಡೀ ಹೆಡ್‌ಲೈಟ್ ಕೊಳ್ಳಬೇಕು! ಪ್ರತಿ ಸಲವೂ ವಿಮೆಯವರ ಒಪ್ಪಿಗೆ ಬರುವ ತನಕ ಕಾರು ಬಿಚ್ಚಿದ ಸ್ಥಿತಿಯಲ್ಲೇ. ಇದೆಲ್ಲ ಗ್ಯಾರೇಜಿನವರ ಕಣ್ಣಿಗೆ ಮೊದಲೇ ಬೀಳಬಾರದಿತ್ತೇ?

ಟಿಂಕರಿಂಗ್ ಕೈ: ಬೀಳುತ್ತದೆ ಸ್ವಾಮಿ, ಬಂಪರ್ ಬಿಚ್ಚಲು ಬಿಟ್ಟರೆ. "ಸುಮ್ಮನೆ ನೋಡಿ ಹೇಳಿ, ಬಿಚ್ಚುವ ಕೂಲಿ ಕೊಡುವುದಿಲ್ಲ" ಎನ್ನುವವರೇ ಆಮೇಲೆ ಮೋಸ ಎಂದು ಕೂಗುವುದು. ನಾನು ಮೊದಲು ನೋಡುವುದು ಸಂದುಗಳನ್ನು. ಬಾಗಿಲಿನ ಸಂದು ಮೇಲೊಂದು ಅಗಲ, ಕೆಳಗೊಂದು ಅಗಲ ಆಗಿದ್ದರೆ ಬಾಡಿ ಸರಿದಿರುವ ಅನುಮಾನ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ನೋಡಿದಾಗ ನೆಲದ ತಗಡು ಸುಕ್ಕಾಗಿದ್ದರೆ, ಬೆಸುಗೆಯ ಪಕ್ಕದ ಸೀಲರ್ ಬಿರುಕು ಬಿಟ್ಟಿದ್ದರೆ, ಬಣ್ಣದ ಮಾತೇ ಇಲ್ಲ.

ಏರ್‌ಬ್ಯಾಗ್ ಕಂಡವನು: ಇದೆಲ್ಲ ಚಿಲ್ಲರೆ. ನನ್ನದರಲ್ಲಿ ಎರಡೂ ಏರ್‌ಬ್ಯಾಗ್ ತೆರೆದುಕೊಂಡಿದ್ದವು. ಎಲ್ಲರೂ ಗುಜರಿ ಎಂದರು. ಏರ್‌ಬ್ಯಾಗ್, ಡ್ಯಾಶ್‌ಬೋರ್ಡ್, ಮುಂದಿನ ಗಾಜು, ಕಂಟ್ರೋಲ್ ಯೂನಿಟ್, ಗುದ್ದಿದ ಕ್ಷಣ ಬೆಲ್ಟನ್ನು ಬಿಗಿಯುವ, ಒಮ್ಮೆ ಸಿಡಿದರೆ ಮತ್ತೆ ಕೆಲಸಕ್ಕೆ ಬಾರದ ಸೀಟ್ ಬೆಲ್ಟ್ ಪ್ರಿಟೆನ್ಷನರ್; ಬಿಡಿಭಾಗಗಳೇ ಕಾರಿನ ಬೆಲೆಯ ಅರ್ಧ ದಾಟಿದವು. ಆದರೆ ಚಾಸಿಯನ್ನು ಅಳತೆಯ ಬೆಂಚಿನ ಮೇಲೆ ಕೂರಿಸಿ ಅಳೆಸಿದೆ: ಎಲ್ಲ ಬಿಂದುಗಳೂ ಕಾರ್ಖಾನೆಯ ಅಳತೆಯಿಂದ 3 ಮಿಲಿಮೀಟರ್ ಅಂತರದೊಳಗೇ ಇದ್ದವು. ಇವತ್ತಿಗೂ ಸ್ಟೀರಿಂಗ್ ಬಿಟ್ಟರೂ ನೇರ ಓಡುತ್ತದೆ.

ಮಾರಿ ಕೈತೊಳೆದವಳು: ಸ್ಟೀರಿಂಗ್ ಬಿಡುವುದೂ ಒಂದು ಪರೀಕ್ಷೆಯೇ? ನನ್ನದೂ ನೇರ ಓಡುತ್ತಿತ್ತು. ಒಂದು ಟೈರಿನ ಒಳಂಚು ಮಾತ್ರ ಸವೆಯುತ್ತಿತ್ತು. ಅಲೈನ್‌ಮೆಂಟ್ ಮಾಡಿಸಿ, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬದಲಿಸಿ, ಹೊಸ ಟೈರ್ ಹಾಕಿಸಿ, ಅದೂ ಸವೆದ ಮೇಲೆ ಆ ಆರ್ಮ್ ಕೂರುವ ಚೌಕಟ್ಟು, ಸಬ್‌ಫ್ರೇಮ್, ಸರಿದಿದೆ ಎಂದರು. ಮಾರಲು ಹೋದರೆ ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಯಂತ್ರ ಹಿಡಿದು ಬಂದರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ತಗ್ಗು ಮುಚ್ಚಲು ನನ್ನ ಬಾಗಿಲಿಗೆ ಮೆತ್ತಿದ್ದ ಪುಟ್ಟಿ ಅದರ ಹಲವು ಪಟ್ಟು. ಬೆಲೆ ಅಲ್ಲೇ ಕುಸಿಯಿತು. ಗುಜರಿಗೆ ಹಾಕಿ ವಿಮೆ ಹಣ ಪಡೆಯುವುದೇ ಜಾಣತನ.

ಏರ್‌ಬ್ಯಾಗ್ ಕಂಡವನು: ನಿಮಗೆ ಸಿಕ್ಕ ಗ್ಯಾರೇಜ್ ಕೆಟ್ಟದ್ದೆಂದು ಊರವರೆಲ್ಲ ಕಾರು ಎಸೆಯಬೇಕೇ?

ಹಳೆಯ ತಗಡಿನ ಅಭಿಮಾನಿ: ಈಗಿನವೆಲ್ಲ ಕಾಗದದ ಕಾರುಗಳು. ಹಳೆಯವು ಗುದ್ದಿದರೂ ಜಗ್ಗುತ್ತಿರಲಿಲ್ಲ.

ಟಿಂಕರಿಂಗ್ ಕೈ: ಕಾರು ಜಗ್ಗುತ್ತಿರಲಿಲ್ಲ, ಪೆಟ್ಟೆಲ್ಲ ಒಳಗೆ ಕುಳಿತವರಿಗೆ. ತುದಿಗಳು ಮಡಚಿಕೊಂಡು ಪೆಟ್ಟನ್ನು ನುಂಗಬೇಕೆಂಬ ವಿನ್ಯಾಸಕ್ಕೆ ಮರ್ಸಿಡಿಸ್‌ನ ಬೇಲಾ ಬಾರೆನಿ 1951ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು.

ಹಳೆಯ ತಗಡಿನ ಅಭಿಮಾನಿ: ಬಿಲ್ ದೊಡ್ಡದಾದಷ್ಟೂ ನಿಮಗೇ ಹಿತ. ಮಡಚುವ ಕಾರನ್ನು ಹೊಗಳದೆ ಇನ್ನೇನು ಮಾಡುತ್ತೀರಿ?

ಟಿಂಕರಿಂಗ್ ಕೈ: ಮಡಚಿದ ತುದಿಯನ್ನು ಕಾಯಿಸಿ ಎಳೆದು ಕೊಡಿ ಎಂದು ದುಂಬಾಲು ಬೀಳುವವರೂ ನಿಮ್ಮಂಥವರೇ. ಗಡಸು ಉಕ್ಕನ್ನು ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ನಾನು ಒಲ್ಲೆ ಎಂದರೆ ಪಕ್ಕದ ಗ್ಯಾರೇಜಿಗೆ ಹೋಗುತ್ತೀರಿ. ಹೋಗಿ.