ವಿಜ್ಞಾನ ದಿನಕ್ಕೆ ಕಮಲಾ ಸೊಹೋನಿ ಬಗ್ಗೆ ಭಾಷಣ: ರಾಮನ್ ವಿಷಯ ಹೇಳಬಹುದಾ?

ಬದಿಯಡ್ಕದ ಅಮ್ಮ:
ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಫೆಬ್ರವರಿ 28ಕ್ಕೆ ಶಾಲೆಯಲ್ಲಿ ಭಾಷಣ ಇದೆ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಬಗ್ಗೆ ಮಾತಾಡುತ್ತೇನೆ ಅಂತ ಅವಳೇ ಆರಿಸಿಕೊಂಡಳು. ಆದರೆ ಅವರಿಗೆ ಮೊದಲು ಸೀಟು ಕೊಡಲ್ಲ ಅಂದವರು ಸಿ.ವಿ. ರಾಮನ್. ಆ ದಿನ ಆಚರಿಸುವುದೇ ರಾಮನ್ ಪರಿಣಾಮದ ನೆನಪಿಗೆ. ಅಲ್ಲೇ ನಿಂತು ಇದನ್ನು ಹೇಳಿದರೆ ತಪ್ಪಾಗುತ್ತದಾ?

ಕುಂಬಳೆ ಟೀಚರ್:
ಖಂಡಿತ ಹೇಳಲಿ. 1933ರಲ್ಲಿ ಮುಂಬೈಯಲ್ಲಿ ಬಿಎಸ್ಸಿ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದವರು. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಆಗ ಅಲ್ಲಿನ ನಿರ್ದೇಶಕರಾಗಿದ್ದ ರಾಮನ್ ಬೇಡ ಅಂದರು. ಇವರು ಬಿಡಲಿಲ್ಲ, ನೇರ ಹೋಗಿ ಕೇಳಿದರು. ಕೊನೆಗೆ ಒಂದು ವರ್ಷ ಪರೀಕ್ಷೆಗಿಟ್ಟ ಹಾಗೆ ಸೇರಿಸಿಕೊಂಡರು, ಲ್ಯಾಬಿನ ವಾತಾವರಣ ಕೆಡಿಸಬಾರದು ಅನ್ನುವ ಷರತ್ತು ಬೇರೆ! ಅವರ ಕೆಲಸ ನೋಡಿದ ಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಗೈಡ್ ಶ್ರೀನಿವಾಸಯ್ಯನವರ ಹೆಸರೂ ಹೇಳಿಸಿ.

ಅಡಿಗೆಮನೆ ಕೆಮಿಸ್ಟ್ರಿ:
ಒಂದು ಮಾತು. ಎಲ್ಲರೂ ರಾಮನ್ ಕತೆ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ, ಅದು ನನಗೆ ತುಂಬಾ ಬೇಜಾರು. ಅವರು ಮಾಡಿದ ಕೆಲಸ ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೇಂಬ್ರಿಡ್ಜಿನಲ್ಲಿ ಆಲೂಗಡ್ಡೆ ಇಟ್ಟುಕೊಂಡು ಕೆಲಸ ಮಾಡುವಾಗ ಗಿಡಗಳಲ್ಲೂ ಸೈಟೋಕ್ರೋಮ್ ಸಿ ಇದೆ ಅಂತ ಕಂಡುಹಿಡಿದರು. ಜೀವಕೋಶ ಉಸಿರಾಡುವಾಗ ಎಲೆಕ್ಟ್ರಾನ್ ದಾಟಿಸುವ ಪ್ರೊಟೀನ್ ಅದು. 14 ತಿಂಗಳಲ್ಲಿ ಕೆಲಸ ಮುಗಿಸಿ 1939ರಲ್ಲಿ ಪಿಎಚ್‌ಡಿ ಪಡೆದರು, ಪ್ರಬಂಧ ಬರೀ 40 ಪುಟ. ಆಮೇಲೆ ಕೂನೂರಿನ ಪೋಷಣಾ ಪ್ರಯೋಗಾಲಯ, ನಂತರ ಮುಂಬೈ. ಬೇಳೆಕಾಳಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳ ಬಗ್ಗೆಯೂ ಕೆಲಸ ಮಾಡಿದ್ದಾರೆ. ನಾವು ಅಲಸಂಡೆ ಕಾಳನ್ನು ಚೆನ್ನಾಗಿ ಬೇಯಿಸಿ ತಿನ್ನುತ್ತೇವಲ್ವಾ, ಆ ಬಿಸಿಗೆ ಅವು ಜಾಸ್ತಿ ಉಳಿಯುವುದಿಲ್ಲ.

ಮೂರ್ತೆ ಮನೆಯವ:
ನೀರಾ, ಅಂದರೆ ತಾಳೆ ಜಾತಿಯ ಮರದ ಹೊಂಬಾಳೆಯಿಂದ ಇಳಿಸುವ ಸಿಹಿ ರಸ, ಅದನ್ನು ಬಿಟ್ಟುಬಿಟ್ರಲ್ಲ! ರಾಜೇಂದ್ರ ಪ್ರಸಾದ್ ಸಲಹೆ ಮೇಲೆ ಅವರು ನೀರಾ ಪರೀಕ್ಷೆ ಮಾಡಿದರು. ವಿಟಮಿನ್ ಸಿ, ಕಬ್ಬಿಣ ಎಲ್ಲ ಇದೆ ಅಂತ ತೋರಿಸಿದರು. ಅಪೌಷ್ಟಿಕತೆ ಇದ್ದ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ನನ್ನಜ್ಜ ಮರ ಹತ್ತುವ ಮೊದಲು ಮಡಕೆ ಒಳಗೆ ಸುಣ್ಣ ಸವರುತ್ತಿದ್ದರು. ಬೆರಳಿನ ಗುರುತು ಹಾಗೇ ಕಾಣುತ್ತಿತ್ತು. ಸುಣ್ಣ ಇಲ್ಲದಿದ್ದರೆ ಬೆಳಗಾಗುವಾಗ ಹುಳಿ ಬಂದು ಕಳ್ಳಾಗುತ್ತದೆ. ಈಗ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಗೆ ಐಸ್ ಪೆಟ್ಟಿಗೆ ಕಟ್ಟಿ ಅದೇ ರಸ ಇಳಿಸುತ್ತಾರೆ, ಕಲ್ಪರಸ ಅಂತ ಹೆಸರು. ಮಕ್ಕಳಿಗೆ ಅಲ್ಲಿಂದ ಶುರು ಮಾಡಿದರೆ ಬೇಗ ಅರ್ಥವಾಗುತ್ತದೆ.

ಬದಿಯಡ್ಕದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ರಾಮನ್ ವಿಷಯ ಎರಡೇ ವಾಕ್ಯ ಸಾಕಂತೆ ಅವಳಿಗೆ. ಒಂದು ಆಲೂಗಡ್ಡೆ ಕೈಯಲ್ಲಿ ಹಿಡಿದುಕೊಂಡೇ ಸ್ಟೇಜ್ ಹತ್ತುತ್ತಾಳಂತೆ.