ಐರಿಶ್ ಕ್ರಿಸ್ಮಸ್ ಊಟಕ್ಕೆ ಒಂದೇ ವೈನ್ ಸಾಕೇ?

ಪ್ರಶ್ನೆ (ಕಾರ್ಕ್‌ವಾಸಿ):
ಕಾರ್ಕ್ ನಗರದಲ್ಲಿ ನೆಲೆಸಿರುವ ನಾವು ಈ ಸಲ ಕ್ರಿಸ್ಮಸ್ ಊಟಕ್ಕೆ ನೆರೆಯ ಐರಿಶ್ ಕುಟುಂಬವನ್ನು ಕರೆದಿದ್ದೇವೆ. ಮೊದಲಿಗೆ ಹೊಗೆಯಲ್ಲಿ ಹದಗೊಳಿಸಿದ ಸಾಲ್ಮನ್ ಮೀನು ಮತ್ತು ಸೋಡಾ ಬ್ರೆಡ್, ಬಳಿಕ ಟರ್ಕಿ ಕೋಳಿ ಹಾಗೂ ಲವಂಗ ಚುಚ್ಚಿ ಕಂದು ಸಕ್ಕರೆ ಸವರಿ ಬೇಯಿಸಿದ ಹ್ಯಾಮ್, ಕೊನೆಗೆ ಒಣಹಣ್ಣಿನ ಸಿಹಿಯಾದ ಪ್ಲಮ್ ಪುಡಿಂಗ್ ಎಂದು ನಿಶ್ಚಯಿಸಿದ್ದೇವೆ. ಅತಿಥಿಗಳು ಇಲ್ಲಿನ ಪೇಟೆಯಾದ ಇಂಗ್ಲಿಷ್ ಮಾರ್ಕೆಟ್‌ನಿಂದ ಸ್ಪೈಸ್ಡ್ ಬೀಫ್ (ಮಸಾಲೆಯಲ್ಲಿ ಊರಿಸಿದ ದನದ ಮಾಂಸ) ತರುತ್ತಾರಂತೆ; ನಾವು ಅದನ್ನು ತಿನ್ನುವುದಿಲ್ಲವಾದರೂ ಅವರಿಗೆ ಬಡಿಸಲು ಅಭ್ಯಂತರವಿಲ್ಲ. ಅಂಗಡಿಯವರು ಎಲ್ಲದಕ್ಕೂ ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್ ಸಾಕೆಂದರು. ಇಷ್ಟು ಬೇರೆ ಬೇರೆ ರುಚಿಗಳನ್ನು ಒಂದೇ ವೈನ್ ಸರಿದೂಗಿಸಬಲ್ಲದೇ?

ಉತ್ತರ (ದ್ರಾಕ್ಷಾಪ್ರಿಯ):
ಸರಿದೂಗಿಸಲಾರದು. ಹ್ಯಾಮಿನ ಉಪ್ಪು ಕೆಂಪು ವೈನಿಗೆ ಶತ್ರುವೆಂದು ಅನೇಕರು ಭಾವಿಸುತ್ತಾರೆ, ಆದರೆ ಉಪ್ಪು ವಾಸ್ತವದಲ್ಲಿ ವೈನಿನ ಒಗರನ್ನೂ ಕಹಿಯನ್ನೂ ತಗ್ಗಿಸುತ್ತದೆ. ತೊಂದರೆ ಕೊಡುವುದು ಮೇಲೆ ಸವರಿದ ಸಕ್ಕರೆ. ಬಾಯಲ್ಲಿ ಸಿಹಿ ಇರುವಾಗ ಒಣ (ಸಿಹಿಯಿಲ್ಲದ) ವೈನ್ ಇನ್ನಷ್ಟು ಹುಳಿಯಾಗಿಯೂ ಒಗರಾಗಿಯೂ ತೋರುವುದರಿಂದ, ಎಳೆಯ ಬೋರ್ಡೋ ಇಲ್ಲಿ ಬರೀ ಒರಟಾಗಿ ಉಳಿಯುತ್ತದೆ. ಹ್ಯಾಮಿಗೆ ಜರ್ಮನಿಯ ಮೋಸೆಲ್ ಕಣಿವೆಯ ಕ್ಯಾಬಿನೆಟ್ ಎಂಬ ಹಗುರ ದರ್ಜೆಯ ರೀಸ್ಲಿಂಗ್ ಬಿಳಿ ವೈನ್ ತನ್ನಿ. ಅದರಲ್ಲಿ ಉಳಿದಿರುವ ತುಸು ಸಿಹಿಯು ಹ್ಯಾಮಿನ ಸಕ್ಕರೆ ಲೇಪಕ್ಕೂ, ಚುರುಕಾದ ಹುಳಿ ಕೊಬ್ಬಿಗೂ ಹೊಂದುತ್ತದೆ. ಆಲ್ಕೋಹಾಲ್ ಕಡಿಮೆಯಿರುವ ಕಾರಣ ಮಧ್ಯಾಹ್ನದ ದೀರ್ಘ ಊಟಕ್ಕೂ ಅದು ಅನುಕೂಲ. ಟರ್ಕಿಗೆ ತನ್ನದೇ ಹಟವಿಲ್ಲ, ಅದೇ ವೈನಿನಲ್ಲಿ ಸಾಗುತ್ತದೆ.

ಸಾಲ್ಮನ್ ಬಳಿಗೆ ಮಾತ್ರ ಕೆಂಪು ವೈನನ್ನು ಬಿಡಬೇಡಿ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಸೇರಿದಾಗ ನಾಲಿಗೆಯಲ್ಲಿ ಲೋಹದಂತಹ ಹಸಿ ಮೀನಿನ ವಾಸನೆ ಉಳಿಯುತ್ತದೆ. ಫ್ರಾನ್ಸಿನ ಒಣ ಬಿಳಿ ವೈನ್‌ಗಳಾದ ಮಸ್ಕಡೆ ಅಥವಾ ಶಾಬ್ಲಿ ಸಾಕು, ಕೈ ಬಿಗಿಯಿಲ್ಲದಿದ್ದರೆ ಒಣ ಶಾಂಪೇನ್.

ಉತ್ತರ (ಹಳೆಯ ಪೀಪಾಯಿ):
ಹ್ಯಾಮಿನ ವಿಷಯದಲ್ಲಿ ಒಪ್ಪುತ್ತೇನೆ, ಆದರೆ ಅಂಗಡಿಯವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಐರ್ಲೆಂಡಿನ ಊಟದ ಮೇಜಿಗೂ ಬೋರ್ಡೋಗೂ ಇರುವ ನಂಟು ಇಂದಿನದಲ್ಲ. ಗಾಲ್ವೇ ಮೂಲದ ಲಿಂಚ್ ಮನೆತನದ ಹೆಸರು ಬೋರ್ಡೋ ಪ್ರದೇಶದ ಪೊಯಾಕ್‌ನ ಶಾತೊ ಲಿಂಚ್-ಬಾಜ್ ಎಂಬ ವೈನ್ ತೋಟದಲ್ಲಿ ಉಳಿದಿದೆ. ಐರಿಶ್ ಮೂಲದ ಹ್ಯೂ ಬಾರ್ಟನ್ 1821ರಲ್ಲಿ ಅದೇ ಪ್ರದೇಶದ ಸೇಂಟ್ ಜೂಲಿಯನ್‌ನ ಲಾಂಗೋವಾ ತೋಟವನ್ನೂ 1826ರಲ್ಲಿ ಲೆಯೋವಿಲ್ ತೋಟದ ಒಂದು ಭಾಗವನ್ನೂ ಕೊಂಡರು, ಅವೆರಡೂ ಇಂದಿಗೂ ಅದೇ ಕುಟುಂಬದ ಕೈಯಲ್ಲಿವೆ. ಟರ್ಕಿ ಬರುವ ಮೊದಲು ಹಬ್ಬದ ಮುಖ್ಯ ಖಾದ್ಯವಾಗಿದ್ದ, ಆಲೂಗೆಡ್ಡೆ ತುಂಬಿದ ಹೆಬ್ಬಾತಿನ ಹುರಿದ ಮಾಂಸಕ್ಕೆ ಹತ್ತು ವರ್ಷ ಮಾಗಿದ ಬೋರ್ಡೋ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಷ್ಟರಲ್ಲಿ ಒಗರು ಮೃದುವಾಗಿರುತ್ತದೆ, ಹುಳಿ ಮಾತ್ರ ಕೊಬ್ಬನ್ನು ಕತ್ತರಿಸಲು ಉಳಿದಿರುತ್ತದೆ.

ನಿಮ್ಮ ಅತಿಥಿಗಳು ತರುವ ಸ್ಪೈಸ್ಡ್ ಬೀಫ್ ಬೇರೆಯೇ ಸಮಸ್ಯೆ. ಲವಂಗ, ಕಾಳುಮೆಣಸು, ಆಲ್‌ಸ್ಪೈಸ್, ಕಂದು ಸಕ್ಕರೆ ಮತ್ತು ಉಪ್ಪಿನಲ್ಲಿ ದಿನಗಟ್ಟಲೆ ಊರಿಸಿ ಬೇಯಿಸಿ, ತಣಿದ ಮೇಲೆ ತೆಳ್ಳಗೆ ಕತ್ತರಿಸಿ ಬಡಿಸುವ ಕಾರ್ಕ್‌ನ ಈ ಖಾದ್ಯದ ಪರಿಮಳ ನಮ್ಮ ಮಸಾಲೆ ಡಬ್ಬಿಗೆ ಅಪರಿಚಿತವೇನಲ್ಲ. ಓಕ್ ಪೀಪಾಯಿಯ ವಾಸನೆಯಲ್ಲೂ ಲವಂಗದ ಛಾಯೆ ಇರುವುದರಿಂದ, ಅದು ಗಾಢವಾಗಿರುವ ವೈನ್ ಇದ್ದರೆ ಲವಂಗದ ಮೇಲೆ ಲವಂಗ ಸುರಿದಂತಾಗುತ್ತದೆ. ಫ್ರಾನ್ಸಿನ ಬೋಜೊಲೆಯ ಕೆಂಪು ವೈನ್‌ಗಳಾದ ಮೋರ್ಗೊನ್ ಅಥವಾ ಫ್ಲೂರಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕೊಡಿ. ಹಣ್ಣಿನ ಸ್ವಾದ ಹೆಚ್ಚು, ಒಗರು ಕಡಿಮೆ.

ಉತ್ತರ (ಮದೇರಾ ಪಕ್ಷಪಾತಿ):
ಪುಡಿಂಗ್ ಬಗ್ಗೆ ಯಾರೂ ಮಾತಾಡಿಲ್ಲ. ವೈನ್ ಖಾದ್ಯಕ್ಕಿಂತ ಸಿಹಿಯಾಗಿರಬೇಕೆಂಬ ನಿಯಮವನ್ನು ಇಲ್ಲಿ ಮುರಿಯಬಾರದು. ಒಣ ಶಾಂಪೇನ್ ಪುಡಿಂಗಿನ ಮುಂದೆ ಬರೀ ಹುಳಿನೀರಾಗುತ್ತದೆ. ಪೆಡ್ರೊ ಹಿಮೆನೆಸ್ ಎಂಬ ಸ್ಪೇನಿನ ಸಿಹಿ ಶೆರ್ರಿ ವೈನಿನಲ್ಲಿ ಲೀಟರಿಗೆ 300 ಗ್ರಾಂ ಮೀರಿದ ಸಕ್ಕರೆ ಸಾಮಾನ್ಯ, ಪುಡಿಂಗಿಗೆ ಹಾಕುವ ಸಿಹಿ ಬ್ರಾಂಡಿ ಬೆಣ್ಣೆಯ ಜೊತೆಗೆ ಅದು ಅತಿಯಾಗುತ್ತದೆಂಬುದು ನನ್ನ ಅಭಿಪ್ರಾಯ. ಸಿಹಿಯೊಡನೆ ಹುಳಿಯೂ ಉಳಿಸಿಕೊಂಡಿರುವ ಮಾಮ್ಸೀ ಮದೇರಾ (ಪೋರ್ಚುಗಲ್‌ನ ಮದೇರಾ ದ್ವೀಪದ ಸಿಹಿ ವೈನ್) ಉತ್ತಮ. ತೆರೆದ ಬಾಟಲಿ ತಿಂಗಳುಗಟ್ಟಲೆ ಕೆಡದಿರುವುದರಿಂದ ಜನವರಿ 6ರಂದು ಇಲ್ಲಿನ ಹೆಂಗಸರು ಆಚರಿಸುವ ಮಹಿಳೆಯರ ಕ್ರಿಸ್ಮಸ್‌ಗೂ ಒದಗುತ್ತದೆ.

ಕಾರ್ಕ್‌ವಾಸಿ:
ಎಲ್ಲರಿಗೂ ಧನ್ಯವಾದಗಳು. ರೀಸ್ಲಿಂಗ್ ಎರಡು, ಮೋರ್ಗೊನ್ ಒಂದು, ಮಸ್ಕಡೆ ಒಂದು, ಮದೇರಾ ಒಂದು ಎಂದು ಪಟ್ಟಿ ಮಾಡಿದ್ದೇನೆ. ಇಲ್ಲಿ ಕ್ರಿಸ್ಮಸ್ ದಿನ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲವಾದ್ದರಿಂದ ಖರೀದಿಯನ್ನು ಈ ವಾರವೇ ಮುಗಿಸುತ್ತೇನೆ.